ಅಂಚೆಗೆ ಹಾಕದ ಪತ್ರಗಳು

ನಿಮ್ಮ ಮನೆಯ ಟ್ರಂಕಿನ ತಳದಲ್ಲಿ ಉರ್ದುವಿನಲ್ಲಿ ಬರೆದ ಹಳೆಯ ಕಾಗದಗಳಿವೆಯೇ? ಅವನ್ನು ಓದಲು ನಿಮ್ಮ ಮಕ್ಕಳಿಗೆ ಬರುತ್ತದೆಯೇ? ಅಮೆರಿಕದಲ್ಲಿ ನೆಲೆಸಿದ್ದ ಮುದ್ರಣ ಕಲಾವಿದೆ ಝರೀನಾ ಹಾಶ್ಮಿಯವರ ಬದುಕನ್ನು ತಿಳಿದಾಗ ನನ್ನನ್ನು ಕಾಡಿದ ಪ್ರಶ್ನೆ ಇದು.

ಝರೀನಾ ಹುಟ್ಟಿದ್ದು 1937ರಲ್ಲಿ, ಅಲಿಗಢದಲ್ಲಿ. ತಂದೆ ಅಲ್ಲಿನ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರು. ಮಗಳು ಅಲ್ಲಿಯೇ ಗಣಿತದಲ್ಲಿ ಪದವಿ ಪಡೆದರು. 1958ರಲ್ಲಿ ವಿದೇಶಾಂಗ ಸೇವೆಯ ಅಧಿಕಾರಿಯೊಡನೆ ವಿವಾಹವಾಯಿತು. ಬ್ಯಾಂಕಾಕ್, ಪ್ಯಾರಿಸ್ ಎಂದು ಊರೂರು ಸುತ್ತಾಟ. ಆದರೆ ಅವರು ಕೈಕಟ್ಟಿ ಕೂರಲಿಲ್ಲ, ಹೋದಲ್ಲೆಲ್ಲ ಮುದ್ರಣ ಕಲೆ ಕಲಿತರು. ಪ್ಯಾರಿಸ್‌ನಲ್ಲಿ ಕಲಿತದ್ದು ಹೇಟರ್ ಅವರ ‘ಅಟೆಲಿಯೇ 17’ ಕಾರ್ಯಾಗಾರದಲ್ಲಿ. ನಮ್ಮ ನೆರೆಯ ಚಿತ್ತೂರು ಸೀಮೆಯ ಕೃಷ್ಣ ರೆಡ್ಡಿಯವರು ಹೆಸರಾದದ್ದೂ ಅಲ್ಲಿಯೇ.

ಈ ಕೆಲಸಕ್ಕೆ ತಾಳ್ಮೆ ಬೇಕು. ಮರದ ಹಲಗೆಯಲ್ಲಿ ಬೇಡವಾದುದನ್ನು ಕೆತ್ತಿ ತೆಗೆದು, ಉಳಿದ ಉಬ್ಬಿಗೆ ಶಾಯಿ ಸವರಿ ಕಾಗದ ಒತ್ತಬೇಕು. ಅಕ್ಷರವಾದರೆ ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಕೆತ್ತಬೇಕು.

1959ರಲ್ಲಿ ತವರಿನವರು ಪಾಕಿಸ್ತಾನಕ್ಕೆ ಹೋದರು. ಅಲಿಗಢದ ಮನೆ ನೆನಪಾಗಿ ಉಳಿಯಿತು. 1977ರಲ್ಲಿ ಪತಿ ತೀರಿಕೊಂಡರು. ಝರೀನಾ ನ್ಯೂಯಾರ್ಕ್‌ನಲ್ಲಿ ಒಬ್ಬರೇ ದುಡಿದರು. 1999ರಲ್ಲಿ ಮನೆ, ಹೊಸ್ತಿಲು, ಭಾಷೆ ಎಂದು ಒಂದೊಂದು ಉರ್ದು ಪದಕ್ಕೆ ಒಂದೊಂದರಂತೆ 36 ಮರದಚ್ಚಿನ ಚಿತ್ರಗಳನ್ನು ಮಾಡಿದರು.

ಅಕ್ಕ ರಾಣಿ ಕರಾಚಿಯಲ್ಲಿದ್ದರು. ತಂದೆತಾಯಿಯ ಅಗಲಿಕೆ, ಮನೆ ಮಾರಿದ್ದು, ಒಂಟಿತನ ಎಲ್ಲವನ್ನೂ ತಂಗಿಗೆ ಉರ್ದುವಿನಲ್ಲಿ ಬರೆದರು, ಆದರೆ ಅಂಚೆಗೆ ಹಾಕಲಿಲ್ಲ. ವರ್ಷಗಳ ನಂತರ ಆ ಪತ್ರಗಳು ಕೈಸೇರಿದಾಗ ಝರೀನಾ ಅವುಗಳನ್ನೇ ಅಚ್ಚಿಗಿಳಿಸಿ, ಮೇಲೆ ಮನೆಯ ನಕ್ಷೆ, ಊರಿನ ಭೂಪಟದ ಗೆರೆಗಳನ್ನು ಮೂಡಿಸಿದರು. 2004ರ ಆ 8 ಚಿತ್ರಗಳ ಮಾಲೆಗೆ ‘ಮನೆಯಿಂದ ಬಂದ ಪತ್ರಗಳು’ ಎಂದೇ ಹೆಸರು. 2011ರಲ್ಲಿ ವೆನಿಸ್‌ನ ಕಲಾಮೇಳದ ಭಾರತೀಯ ವಿಭಾಗದಲ್ಲಿ ಅವರ ಕೃತಿಗಳಿದ್ದವು. 2020ರ ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ನಿಧನರಾದರು.

ಊರಿಗಾಂನ ನಮಗೆ ಈ ನೋವು ಹೊಸತಲ್ಲ. 2001ರಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮಲ್ಲೂ ಎಷ್ಟು ಮನೆಗಳಿಗೆ ಬೀಗ ಬಿತ್ತು! ಹೋದವರು ಪಾತ್ರೆ, ಹಾಸಿಗೆ ಕಟ್ಟಿಕೊಂಡರು. ಕಾಗದಗಳನ್ನು ಎಷ್ಟು ಮಂದಿ ಕಟ್ಟಿಕೊಂಡರು? ಇದ್ದವರ ಮಕ್ಕಳಿಗೂ ಅಜ್ಜಿಯ ಅಕ್ಷರ ಬರೀ ಗೆರೆಯಾಗಿ ಕಾಣುತ್ತಿದೆ.

ನಾವು ಕಲಾವಿದರಾಗಬೇಕಿಲ್ಲ. ಈ ಭಾನುವಾರ ಆ ಟ್ರಂಕು ತೆರೆಯಿರಿ. ಮಕ್ಕಳನ್ನು ಹತ್ತಿರ ಕೂರಿಸಿ ಒಂದು ಪತ್ರ ಓದಿ ಹೇಳಿ, ಬರೆದವರ ಹೆಸರು, ವರ್ಷ, ಊರನ್ನು ಕನ್ನಡದಲ್ಲಿ ಗುರುತು ಹಾಕಿಡಿ. ಓದಲು ಬಲ್ಲವರು ಮನೆಯಲ್ಲಿ ಇರುವಾಗಲೇ ಆಗಬೇಕಾದ ಕೆಲಸವಿದು.