ಹದಿನೈದರ ಹುಡುಗ, ನೀಲಿ ಡ್ರ್ಯಾಗನ್ ಮತ್ತು ದೊಡ್ಡವರ ಜಗಳ

ಮಕ್ಕಳೇ, ಅಮೆರಿಕದಲ್ಲಿ ಮೊಂಟಾನಾ ಎಂಬ ರಾಜ್ಯವಿದೆ. ಬೆಟ್ಟ, ಕಾಡು, ಹೊಳೆಗಳ ಸೀಮೆ. ಚಳಿಗಾಲ ಬಂತೆಂದರೆ ಎಲ್ಲೆಲ್ಲೂ ಹಿಮ. ಅಲ್ಲಿನ ಪ್ಯಾರಡೈಸ್ ವ್ಯಾಲಿ ಎಂಬ ಕಣಿವೆಯಲ್ಲಿ ಕ್ರಿಸ್ಟೋಫರ್ ಪಾವೊಲಿನಿ ಎಂಬ ಹುಡುಗ ಬೆಳೆದ. 1983ರಲ್ಲಿ ಹುಟ್ಟಿದವನು. ಅವನಿಗೂ ತಂಗಿ ಏಂಜೆಲಾಳಿಗೂ ಅಮ್ಮನೇ ಮನೆಯಲ್ಲಿ ಪಾಠ ಹೇಳಿಕೊಟ್ಟರು. ಅಂಚೆ ಮೂಲಕ ಪಾಠ ಓದಿ 15ನೇ ವಯಸ್ಸಿಗೇ ಹೈಸ್ಕೂಲು ಮುಗಿಸಿಬಿಟ್ಟ. ಕೈಯಲ್ಲಿ ಬೇಕಾದಷ್ಟು ಸಮಯವಿತ್ತು, ತಲೆಯ ತುಂಬ ಡ್ರ್ಯಾಗನ್‌ಗಳಿದ್ದವು. ಕಾದಂಬರಿ ಬರೆಯಲು ಕುಳಿತ.

ಡ್ರ್ಯಾಗನ್ ಎಂದರೇನೆಂದು ಕೇಳುವ ಅಜ್ಜ-ಅಜ್ಜಿಯರಿಗೆ ಒಂದು ಮಾತು. ರೆಕ್ಕೆಯಿರುವ, ಬಾಯಿಂದ ಬೆಂಕಿ ಉಗುಳುವ ಭಾರಿ ಪ್ರಾಣಿ ಅದು, ಪಶ್ಚಿಮ ದೇಶಗಳ ಕಥೆಗಳಲ್ಲಿ ಬರುವಂಥದ್ದು. ಹೆಚ್ಚು ಗೊತ್ತಾಗಬೇಕಾದರೆ ಮೊಮ್ಮಕ್ಕಳನ್ನು ಕೇಳಿ, ಅರ್ಧ ಗಂಟೆ ಹೇಳುತ್ತಾರೆ.

ಹುಡುಗ ಬರೆದ ಕಾದಂಬರಿಯ ಹೆಸರು ‘ಎರಗಾನ್’. ಇಂಗ್ಲಿಷಿನ ‘ಡ್ರ್ಯಾಗನ್’ ಪದದ ಮೊದಲ ಅಕ್ಷರ ‘ಡಿ’ ತೆಗೆದು ಅದರ ಮುಂದಿನ ‘ಇ’ ಹಾಕಿದರೆ ಆ ಹೆಸರು ಬರುತ್ತದೆ. ಎರಗಾನ್ ಎಂಬ ಬಡ ರೈತರ ಮನೆಯ ಹುಡುಗನಿಗೆ ಕಾಡಿನಲ್ಲಿ ನುಣುಪಾದ ನೀಲಿ ಕಲ್ಲೊಂದು ಸಿಗುತ್ತದೆ. ಅದನ್ನು ಕೊಟ್ಟು ಮನೆಗೆ ಮಾಂಸ ಕೊಳ್ಳೋಣವೆಂದರೆ ವ್ಯಾಪಾರ ಕುದುರುವುದಿಲ್ಲ. ಒಂದು ರಾತ್ರಿ ಆ ಕಲ್ಲೇ ಒಡೆದು ನೀಲಿ ಡ್ರ್ಯಾಗನ್ ಮರಿ ಹೊರಬರುತ್ತದೆ. ಅವಳೇ ಸಫೀರಾ. ಇಬ್ಬರೂ ಬಾಯಿ ತೆರೆಯದೆ ಮನಸ್ಸಿನಲ್ಲೇ ಮಾತಾಡಿಕೊಳ್ಳುತ್ತಾರೆ. ದುಷ್ಟ ರಾಜ ಗಾಲ್ಬಟೋರಿಕ್ಸ್‌ನ ಕಡೆಯವರು ಬೆನ್ನು ಹತ್ತುತ್ತಾರೆ. ಅಲ್ಲಿಂದ ಕಥೆ ಓಡತೊಡಗುತ್ತದೆ.

ಮನೆಯವರೇ ಅಚ್ಚು ಹಾಕಿಸಿದರು

ಮೊದಲ ಕರಡಿಗೆ ಒಂದು ವರ್ಷ ಹಿಡಿಯಿತು. ಓದಿ ನೋಡಿದರೆ ಬರೆದವನಿಗೇ ಸಮಾಧಾನವಾಗಲಿಲ್ಲ. ತಿದ್ದಿ ಬರೆಯಲು ಇನ್ನೊಂದು ವರ್ಷ ಹೋಯಿತು. ತೀರಾ ಮೊದಲು ಬರೆದಾಗ ಕಥಾನಾಯಕನ ಹೆಸರು ಎರಗಾನ್ ಆಗಿರಲಿಲ್ಲ, ಕೆವಿನ್ ಆಗಿತ್ತು! ಆಮೇಲೆ ತಂದೆ-ತಾಯಿ ಓದಿದರು, ಮೆಚ್ಚಿದರು, ತಾವೇ ಕೂತು ತಿದ್ದಿದರು. ತಮ್ಮದೇ ಪುಟ್ಟ ಪ್ರಕಾಶನದಿಂದ ಪುಸ್ತಕ ಹೊರತಂದರು. ನಕ್ಷೆಗಳನ್ನೂ ಮುಖಪುಟದ ಡ್ರ್ಯಾಗನ್ ಕಣ್ಣನ್ನೂ ಹುಡುಗನೇ ಬರೆದಿದ್ದ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀವು ನಗಬಹುದು. ಆದರೆ ಇವರು ಮನೆಯಲ್ಲಿ ಕೂತು ಮುದ್ದು ಮಾಡಲಿಲ್ಲ. ಪುಸ್ತಕದ ಕಟ್ಟು ಹೊತ್ತು ಊರೂರು ತಿರುಗಿದರು. ಹಳೇ ಕಾಲದ ಕೆಂಪು ಅಂಗಿ, ಕಪ್ಪು ಟೋಪಿ ತೊಟ್ಟ ಹುಡುಗ ಶಾಲೆ, ಗ್ರಂಥಾಲಯ, ಪುಸ್ತಕದಂಗಡಿಗಳಲ್ಲಿ ನಿಂತು ತನ್ನ ಪುಸ್ತಕದ ಬಗ್ಗೆ ಮಾತಾಡಿದ. ಒಂದಲ್ಲ ಎರಡಲ್ಲ, 135ಕ್ಕೂ ಹೆಚ್ಚು ಸಲ.

2002ರಲ್ಲಿ ಕಾರ್ಲ್ ಹಯಾಸನ್ ಎಂಬ ಹೆಸರಾಂತ ಕಾದಂಬರಿಕಾರರು ಮೊಂಟಾನಾಕ್ಕೆ ರಜೆ ಕಳೆಯಲು ಬಂದಿದ್ದರು. ಅವರ ಮನೆಯ ಹುಡುಗನ ಕೈಗೆ ಈ ಪುಸ್ತಕ ಸಿಕ್ಕಿತು. ಅವನು ಮೆಚ್ಚಿಕೊಂಡದ್ದನ್ನು ಕಂಡ ಹಯಾಸನ್ ತಮ್ಮ ಪ್ರಕಾಶಕರಾದ ಕ್ನಾಫ್ ಸಂಸ್ಥೆಗೆ ಸುದ್ದಿ ಮುಟ್ಟಿಸಿದರು. ಇನ್ನಷ್ಟು ತಿದ್ದಿ, ಕತ್ತರಿಸಿ, 2003ರ ಆಗಸ್ಟ್‌ನಲ್ಲಿ ಕ್ನಾಫ್ ಅದನ್ನು ಮತ್ತೆ ಪ್ರಕಟಿಸಿತು. ಮಕ್ಕಳು ಮುಗಿಬಿದ್ದು ಕೊಂಡರು. ಆಗ ಲೇಖಕನಿಗೆ 19 ವರ್ಷ. ಜಗಳ ಶುರುವಾದದ್ದೂ ಆಗಲೇ.

ಟೀಕಾಕಾರರು ಏನೆಂದರು?

ಮೊದಲ ದೂರು: ಇದು ಸ್ವಂತ ಕಥೆಯಲ್ಲ, ಎಲ್ಲ ಎರವಲು. 1977ರಲ್ಲಿ ಬಂದ ‘ಸ್ಟಾರ್ ವಾರ್ಸ್’ ಸಿನಿಮಾದ ನಾಯಕನೂ ಚಿಕ್ಕಪ್ಪನ ಹೊಲದಲ್ಲಿ ಬೆಳೆದ ಹುಡುಗ. ಅಲ್ಲೂ ಸೆರೆಸಿಕ್ಕ ರಾಜಕುಮಾರಿ ಅಮೂಲ್ಯವಾದದ್ದೊಂದನ್ನು ಶತ್ರುವಿಗೆ ಸಿಗದಂತೆ ಸಾಗಿಸುತ್ತಾಳೆ, ಅದು ಈ ಹುಡುಗನ ಕೈ ಸೇರುತ್ತದೆ. ಅಲ್ಲೂ ಮನೆಯವರು ಸಾಯುತ್ತಾರೆ, ಮುದುಕ ಗುರು ಕತ್ತಿ ಕೊಟ್ಟು ವಿದ್ಯೆ ಕಲಿಸುತ್ತಾನೆ, ಆಮೇಲೆ ಅವನೂ ಸಾಯುತ್ತಾನೆ. ಹುಡುಗ ರಾಜಕುಮಾರಿಯನ್ನು ಬಿಡಿಸಿ ದಂಗೆಯೆದ್ದವರ ಜೊತೆ ಸೇರುತ್ತಾನೆ. ‘ಎರಗಾನ್’ನಲ್ಲೂ ಸರಿಸುಮಾರು ಇದೇ ಕ್ರಮ. ಇನ್ನು ಕುಳ್ಳರು, ನೀಳಕಿವಿಯ ಎಲ್ಫ್‌ಗಳು ಟೋಲ್ಕಿನ್ ಬರೆದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಿಂದ ಬಂದವರಂತೆ. ವಸ್ತುವಿನ ನಿಜನಾಮ ತಿಳಿದರೆ ಅದು ವಶವಾಗುತ್ತದೆಂಬ ಮಂತ್ರವಿದ್ಯೆ ಉರ್ಸುಲಾ ಲೆ ಗ್ವಿನ್ ಅವರ 1968ರ ಕಾದಂಬರಿಯಲ್ಲೇ ಇತ್ತಂತೆ.

ಎರಡನೆಯ ದೂರು ಭಾಷೆಯದು. ಸರಳವಾಗಿ ಹೇಳುವ ಕಡೆಯೂ ಭಾರಿ ಪದಗಳು, ಸಾಲು ಸಾಲು ವರ್ಣನೆ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಗಾದೆಯನ್ನು ಯಾರೂ ಈ ಹುಡುಗನಿಗೆ ಹೇಳಿರಲಿಲ್ಲವೇ ಎಂಬ ಧಾಟಿ.

ಮೂರನೆಯದು, ನಾಯಕ ಎಲ್ಲವನ್ನೂ ಬೇಗ ಬೇಗ ಕಲಿತುಬಿಡುತ್ತಾನೆ ಎಂಬುದು. ಓದು-ಬರಹ, ಕತ್ತಿವರಸೆ, ಮಂತ್ರ ಎಲ್ಲವೂ ಕೆಲವೇ ತಿಂಗಳಲ್ಲಿ ಕೈವಶ!

ಅಭಿಮಾನಿಗಳ ಉತ್ತರ

ಅಭಿಮಾನಿಗಳು ಸುಮ್ಮನಿರುತ್ತಾರೆಯೇ? ಮನೆ ಬಿಟ್ಟು ಹೊರಟ ಹುಡುಗ, ದಾರಿ ತೋರುವ ಗುರು, ಕೊನೆಗೆ ಗೆಲುವು, ಇದು ಯಾರಪ್ಪನ ಸ್ವತ್ತೂ ಅಲ್ಲ ಎಂದರು. ಮಾತು ಸುಳ್ಳಲ್ಲ. ಲೋಕದ ಪುರಾಣ-ಕಥೆಗಳಲ್ಲೆಲ್ಲ ಈ ಒಂದೇ ಹಾದಿ ಕಾಣುತ್ತದೆಂದು ಜೋಸೆಫ್ ಕ್ಯಾಂಬೆಲ್ ಎಂಬ ವಿದ್ವಾಂಸರು 1949ರಲ್ಲೇ ಪುಸ್ತಕ ಬರೆದಿದ್ದರು. ‘ಸ್ಟಾರ್ ವಾರ್ಸ್’ ಮಾಡಿದ ಜಾರ್ಜ್ ಲ್ಯೂಕಾಸ್ ಆ ಪುಸ್ತಕದ ಋಣವನ್ನು ತಾವೇ ಹೇಳಿಕೊಂಡಿದ್ದಾರೆ. ಅವರು ನೀರು ಸೇದಿದ ಬಾವಿಯಲ್ಲೇ ಹುಡುಗನೂ ಸೇದಿದ, ಅದರಲ್ಲೇನು ತಪ್ಪು?

ಟೀಕಾಕಾರರು ಇದಕ್ಕೂ ಉತ್ತರ ಕೊಟ್ಟರು: ಬಾವಿ ಎಲ್ಲರದು ಸರಿ, ಆದರೆ ಪಕ್ಕದ ಮನೆಯವರು ತುಂಬಿಟ್ಟ ಕೊಡವನ್ನೇ ಎತ್ತಿಕೊಂಡು ಬರಬಾರದಲ್ಲ!

ಅಭಿಮಾನಿಗಳು ಎತ್ತಿ ತೋರಿಸುವ ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಈ ಕಥೆಯಲ್ಲಿ ಮಂತ್ರ ಪುಕ್ಕಟೆ ಅಲ್ಲ. ಒಂದು ಬಂಡೆಯನ್ನು ಕೈಯಿಂದ ಎತ್ತಲು ಎಷ್ಟು ಶಕ್ತಿ ಬೇಕೋ ಮಂತ್ರದಿಂದ ಎತ್ತಲೂ ಅಷ್ಟೇ ಶಕ್ತಿ ಮೈಯಿಂದ ಖರ್ಚಾಗುತ್ತದೆ. ಮೈಯಲ್ಲಿರುವುದಕ್ಕಿಂತ ಹೆಚ್ಚು ಖರ್ಚು ಮಾಡಿದವನು ಸತ್ತೇಹೋಗುತ್ತಾನೆ. ಬ್ಯಾಂಕಿನಲ್ಲಿ ಲೆಡ್ಜರ್ ಬರೆದೇ ತಲೆ ನರೆಸಿಕೊಂಡ ನನಗೆ ಇದು ಒಳ್ಳೇ ಲೆಕ್ಕವೆನಿಸಿತು. ಖಾತೆಯಲ್ಲಿ ಇಲ್ಲದ ಹಣವನ್ನು ತೆಗೆಯಲಾಗದು, ಮಂತ್ರವಾದಿಯಾದರೂ ಸರಿ! ಮಂತ್ರಕ್ಕೊಂದು ಲೆಕ್ಕ ಬೇಕೆಂದು ಆ ವಯಸ್ಸಿನಲ್ಲಿ ಯೋಚಿಸಿದ್ದಕ್ಕೆ ಮೆಚ್ಚುಗೆ ಹೇಳಲೇಬೇಕು.

ಈ ಎರಡು ಪಂಗಡ ಒಂದಾದದ್ದು 2006ರಲ್ಲಿ ‘ಎರಗಾನ್’ ಸಿನಿಮಾ ಬಂದಾಗ. ಕಥೆಯನ್ನು ಹಾಗೆ ಕತ್ತರಿಸಿದ್ದು ಕಂಡು ಅಭಿಮಾನಿಗಳೂ ಮೂಗು ಮುರಿದರು, ವಿಮರ್ಶಕರೂ ಮೂಗು ಮುರಿದರು.

ವಯಸ್ಸು ನೋಡಬೇಕೇ?

ಜಗಳದ ಬೇರು ಇರುವುದು ಇಲ್ಲಿ. ‘ಪಾಪ, ಹದಿನೈದರ ಹುಡುಗ, ಬಿಟ್ಟುಬಿಡಿ’ ಎಂದು ಒಂದು ಕಡೆಯವರು. ‘ಹುಡುಗ ಬರೆದದ್ದೆಂದೇ ಪ್ರಚಾರ ಮಾಡಿ ಮಾರಿದ ಮೇಲೆ, ತಪ್ಪು ತೋರಿಸಿದಾಗ ಹುಡುಗ ಎನ್ನುವುದು ಯಾವ ನ್ಯಾಯ?’ ಎಂದು ಇನ್ನೊಂದು ಕಡೆಯವರು.

ನನಗನಿಸುವುದು ಇಷ್ಟು. ಹಣ ಕೊಟ್ಟು ಕೊಂಡ ಪುಸ್ತಕದ ತಪ್ಪನ್ನು ಹೇಳುವ ಹಕ್ಕು ಓದುಗನಿಗೆ ಇದ್ದೇ ಇದೆ. ‘ಮಗು ಬರೆದದ್ದು’ ಎಂದು ತಲೆ ಸವರಿ ಕಳಿಸಿದರೆ ಅದು ಮಗುವಿಗೆ ಮಾಡಿದ ಅವಮಾನವೇ. ಅವನ ಬರಹವನ್ನು ಬರಹವೆಂದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ ಎಂದಾಯಿತು. ಆದರೆ ಪುಸ್ತಕದ ತಪ್ಪು ಬೇರೆ, ಬರೆದವನನ್ನು ಹೀಯಾಳಿಸುವುದು ಬೇರೆ. ಇದನ್ನು ಮೆಚ್ಚಿದ ಮಕ್ಕಳನ್ನು ದಡ್ಡರೆನ್ನುವುದಂತೂ ಮೊಸರಿನಲ್ಲಿ ಕಲ್ಲು ಹುಡುಕುವವರ ಬುದ್ಧಿ. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವಿಮರ್ಶೆ ಇದನ್ನು ಚೆನ್ನಾಗಿ ನಿಭಾಯಿಸಿತು. ಸವಕಲು ಮಾತುಗಳನ್ನೂ ಕೊರತೆಗಳನ್ನೂ ಮುಲಾಜಿಲ್ಲದೆ ಹೇಳಿತು, ಜೊತೆಗೇ ಬರೆದವನ ಪ್ರತಿಭೆ ನಿಜವಾದದ್ದೆಂದೂ ಹೇಳಿತು.

ಈ ಮಾತಿಗೆ ಕಾದಂಬರಿಯಲ್ಲೇ ಒಂದು ಒಳ್ಳೇ ಪ್ರಸಂಗವಿದೆ. ಎರಗಾನ್ ಒಂದು ಹಸುಗೂಸಿಗೆ ಮಂತ್ರಭಾಷೆಯಲ್ಲಿ ಆಶೀರ್ವಾದ ಮಾಡುತ್ತಾನೆ. ಕೇಡಿನಿಂದ ನಿನಗೆ ರಕ್ಷಣೆ ಸಿಗಲಿ ಎನ್ನಬೇಕಾದವನು, ವ್ಯಾಕರಣ ತಪ್ಪಿ, ಕೇಡಿನಿಂದ ಬೇರೆಯವರಿಗೆ ನೀನೇ ರಕ್ಷಣೆಯಾಗು ಎಂದುಬಿಡುತ್ತಾನೆ. ಎಲ್ವಾ ಎಂಬ ಆ ಮಗು ಸುತ್ತಲಿನವರ ನೋವನ್ನೆಲ್ಲ ಹೊರಬೇಕಾಗುತ್ತದೆ. ತಪ್ಪು ಬಯಲಾಗುವುದು ಎರಡನೆಯ ಪುಸ್ತಕದಲ್ಲಿ, ಸರಿಪಡಿಸಲು ಅವನು ಹೆಣಗುವುದು ಮೂರನೆಯದರಲ್ಲಿ. ಮನಸ್ಸು ಒಳ್ಳೆಯದಿತ್ತೆಂದು ತಪ್ಪು ಇಲ್ಲವಾಗುವುದಿಲ್ಲ. ತಪ್ಪಾಯಿತೆಂದು ಕೈಕಟ್ಟಿ ಕೂರುವ ಹಾಗೂ ಇಲ್ಲ.

ಪಾವೊಲಿನಿಯೂ ಕೈಕಟ್ಟಿ ಕೂರಲಿಲ್ಲ. ‘ಎಲ್ಡೆಸ್ಟ್’ 2005ರಲ್ಲಿ, ‘ಬ್ರಿಸಿಂಗರ್’ 2008ರಲ್ಲಿ, ‘ಇನ್ಹೆರಿಟೆನ್ಸ್’ 2011ರಲ್ಲಿ ಬಂದವು. ಮೂರೇ ಪುಸ್ತಕವೆಂದುಕೊಂಡದ್ದು ನಾಲ್ಕಾಯಿತು. ಭಾರಿ ಮಾರಾಟದ ಪುಸ್ತಕ ಸರಣಿಯ ಅತಿ ಕಿರಿಯ ಲೇಖಕನೆಂದು ಗಿನ್ನೆಸ್ ದಾಖಲೆಯೂ ಆಯಿತು. 2023ರಲ್ಲಿ ಅದೇ ಲೋಕದ ‘ಮುರ್ಟಾಗ್’ ಬಂತು. ಈಗ ನಲವತ್ತು ದಾಟಿದ್ದಾರೆ, ಬಹುವಚನದಲ್ಲೇ ಕರೆಯಬೇಕು.

ಮನೆಯಲ್ಲೊಬ್ಬ ಲೇಖಕನಿದ್ದರೆ

ಅಜ್ಜ-ಅಜ್ಜಿಯರೇ, ನಾಳೆ ಮೊಮ್ಮಗಳು ನೋಟ್‌ಬುಕ್ ಹಿಡಿದು ‘ತಾತ, ಕಥೆ ಬರೆದಿದೀನಿ, ನೋಡು’ ಎಂದರೆ ಪೂರ್ತಿ ಓದಿ. ಅರ್ಧ ಪುಟ ನೋಡಿ ‘ಚೆನ್ನಾಗಿದೆ ಪುಟ್ಟೀ’ ಎಂದು ಟಿವಿ ಕಡೆ ತಿರುಗಬೇಡಿ. ಕೆಂಪು ಪೆನ್ನನ್ನೂ ಎತ್ತಬೇಡಿ. ನಿಮಗೆ ಹಿಡಿಸಿದ ಜಾಗ ಯಾವುದೆಂದು ಬೆರಳಿಟ್ಟು ಹೇಳಿ. ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ಆಕಳಿಕೆ ಬಂತು ಅದನ್ನೂ ಹೇಳಿ. ಯಾವುದೋ ಸಿನಿಮಾದ ಹಾಗಿದ್ದರೆ ‘ಇದು ಅಲ್ಲಿಯದು ಸರಿ, ಇದರಲ್ಲಿ ನಿನ್ನದು ಯಾವುದು?’ ಎಂದು ಕೇಳಿ. ತಿದ್ದುವ ಕೆಲಸ ಮಾತ್ರ ಅವಳಿಗೇ ಬಿಡಿ.

ಮಕ್ಕಳೇ, ನಿಮಗೂ ಒಂದು ಮಾತು. ಮೆಚ್ಚಿದ ಪುಸ್ತಕದಲ್ಲಿ ಯಾರಾದರೂ ತಪ್ಪು ತೋರಿಸಿದರೆ ಮುನಿಸಿಕೊಳ್ಳಬೇಡಿ. ತಪ್ಪಿದ್ದರೆ ಇದೆ ಎನ್ನಿ, ಆದರೂ ನನಗೆ ಇಷ್ಟ ಎನ್ನಿ. ಎರಡನ್ನೂ ಒಟ್ಟಿಗೆ ಹೇಳಬಹುದು. ನಿಮ್ಮ ಕಥೆಯ ನಾಯಕನಿಗೆ ಈಗ ಕೆವಿನ್ ಎಂಬಂಥ ಹೆಸರಿದ್ದರೂ ಚಿಂತೆಯಿಲ್ಲ. ಬರೆದು ಮುಗಿಸಿ. ಆಮೇಲೆ ಇನ್ನೊಂದು ಸಲ ಬರೆಯಿರಿ.