ಮಾಜಿ ಸೈನಿಕನ ಬೆನ್ನುನೋವು

ಕೈಕಾಲು ಕಳೆದುಕೊಂಡ ಸೈನಿಕನನ್ನು ಕಂಡರೆ ಯಾರಿಗಾದರೂ ಮರುಕ ಹುಟ್ಟುತ್ತದೆ. ಬೆನ್ನು ಹೋದವನ ಪಾಡು ಹಾಗಲ್ಲ. ನೋಡುವವರ ಕಣ್ಣಿಗೆ ಅವನು ಗಟ್ಟಿಮುಟ್ಟಾದ ಆಳು. ಒಂದು ಬಿಂದಿಗೆ ನೀರು ಎತ್ತಲಾರದ ಅವನ ಸಂಕಟ ಮನೆಯವರಿಗೇ ಗೊತ್ತು. ಪರಸ್ಥಳದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿಯೂ ಸೈನ್ಯದಿಂದ ನಿವೃತ್ತರಾದವರು ಇದ್ದಾರಷ್ಟೆ. ಅವರಿಗಾಗಿ ಈ ನಾಲ್ಕು ಮಾತು.

ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂಥ ಬಿಲ್ಲೆಗಳಿವೆ. ಹೊರೆ ಹೊತ್ತು ಗುಡ್ಡ ಹತ್ತಿ ಇಳಿದವರಲ್ಲಿ ಅವು ಸವೆದು, ಹೊರಚಾಚಿ, ನರವನ್ನು ಒತ್ತುವುದುಂಟು. ಆಗ ನೋವು ಸೊಂಟದಿಂದ ಕಾಲಿಗಿಳಿಯುತ್ತದೆ. ಎಕ್ಸ್‌ರೇಯಲ್ಲಿ ಎಲುಬು ಕಾಣುವುದೇ ಹೊರತು ಬಿಲ್ಲೆ ಕಾಣದು. ಅದಕ್ಕೆ ಎಂಆರ್‌ಐ ಬೇಕು. ವೈದ್ಯರು ಅಂಗಾತ ಮಲಗಿಸಿ, ನೀಳವಾಗಿ ಚಾಚಿದ ಕಾಲನ್ನು ಮೇಲೆತ್ತಿ ನೋಡುವುದು ನರದ ಒತ್ತಡವನ್ನು ತಿಳಿಯುವುದಕ್ಕಾಗಿಯೇ. ಅಲ್ಲಿ ಹಲ್ಲು ಕಚ್ಚಿ ನೋವು ನುಂಗುವುದು ಶೌರ್ಯವಲ್ಲ. ಇಲ್ಲದ ನೋವನ್ನು ನಟಿಸುವುದೂ ಸಲ್ಲದು. ಇದ್ದುದನ್ನು ಇದ್ದಂತೆ ಹೇಳತಕ್ಕದ್ದು.

ಬಿಡುಗಡೆಯ ವೇಳೆ ಮೆಡಿಕಲ್ ಬೋರ್ಡು ಎರಡು ವಿಷಯ ಬರೆಯುತ್ತದೆ: ಅಂಗವೈಕಲ್ಯ ಶೇಕಡಾ ಎಷ್ಟು, ಅದು ಸೇವೆಯಿಂದ ಬಂದುದೇ, ಇಲ್ಲವೆ ಸೇವೆಯಿಂದ ಹೆಚ್ಚಿದುದೇ. ಅವಧಿ ಮುಗಿಸಿ ನಿವೃತ್ತನಾದವನಿಗೆ ಶೇಕಡಾ 20ಕ್ಕಿಂತ ಕಡಮೆ ಬಿದ್ದರೂ, ಸೇವೆಗೆ ಸಂಬಂಧವಿಲ್ಲವೆಂದು ಬರೆದರೂ ಪಿಂಚಣಿ ಬರದು. ಅನೇಕರು ಅಲ್ಲಿಗೇ ಕೈಚೆಲ್ಲುತ್ತಾರೆ.

ಕೈಚೆಲ್ಲಬೇಕಾಗಿಲ್ಲ. 2013ರಲ್ಲಿ ಧರ್ಮವೀರ ಸಿಂಗ್ ಎಂಬ ಸಿಪಾಯಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ವಿಷಯವನ್ನು ಸ್ಪಷ್ಟಪಡಿಸಿತು. ಅವನದು ಮೂರ್ಛೆರೋಗ; ಆದರೆ ನ್ಯಾಯ ಬೆನ್ನಿಗೂ ಅನ್ವಯಿಸುತ್ತದೆ. ಸೇರುವಾಗ ದಾಖಲೆಯಲ್ಲಿ ರೋಗದ ಉಲ್ಲೇಖವಿಲ್ಲದಿದ್ದರೆ ಅವನು ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು. ಸೇವೆಗೆ ಸಂಬಂಧವಿಲ್ಲವೆನ್ನುವ ಬೋರ್ಡು ಕಾರಣವನ್ನು ಬರೆಯಬೇಕು. ಆದರೆ 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಗಳು ಜಾರಿಗೆ ಬಂದಿವೆ. ಅನಂತರ ಬಿಡುಗಡೆಯಾದವರು ಅವನ್ನು ಓದಿಕೊಳ್ಳಬೇಕು.

ಅರ್ಜಿ ತಿರಸ್ಕೃತವಾದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ಆಗದಿದ್ದರೆ ಎರಡನೆಯದು. ಆ ಮೇಲೆ 2007ರ ಕಾಯಿದೆಯಂತೆ ಸ್ಥಾಪಿತವಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಉಂಟು. ದಿಲ್ಲಿ, ಮುಂಬಯಿ, ಚೆನ್ನೈಗಳಲ್ಲಿ ಅದರ ಪೀಠಗಳಿವೆ.

ಇವೆಲ್ಲಕ್ಕೂ ಆಧಾರ ಕಾಗದಪತ್ರ. ಬೋರ್ಡಿನ ವರದಿಯ ಪ್ರತಿ, ಆಸ್ಪತ್ರೆಯ ಚೀಟಿಗಳು, ಪೆಟ್ಟು ಬಿದ್ದ ದಿನದ ವರದಿ, ಎಲ್ಲೆಲ್ಲಿ ಸೇವೆ ಸಲ್ಲಿಸಿದರೆಂಬ ವಿವರ ಇವನ್ನು ಜೋಡಿಸಿಡಿ. ಮನೆಯ ಹಿರಿಯರು ನಾಚಿಕೊಂಡು ಸುಮ್ಮನಿದ್ದರೆ, ಕಾಲೇಜು ಓದುವ ಮೊಮ್ಮಕ್ಕಳೇ ಅವರ ಹಳೆಯ ಟ್ರಂಕನ್ನು ತೆರೆಯಲಿ. ದಿನಾಂಕದ ಪ್ರಕಾರ ಕಾಗದ ಜೋಡಿಸಲು ಒಂದು ಭಾನುವಾರ ಸಾಕು.