ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಊಟ ಯಾವಾಗ?



ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಸಭೆಗಳಲ್ಲಿ ನಮಗೆ ಎದುರಾಗುವ ಪ್ರಶ್ನೆ ಇದು: "ಮಗೂಗೆ ಆರು ತಿಂಗಳಾಯ್ತು, ಆದ್ರೆ ಎರಡು ತಿಂಗಳು ಮೊದಲೇ ಹುಟ್ಟಿದ್ದು. ರಾಗಿ ಸರಿ ಶುರು ಮಾಡ್ಬಹುದಾ?" ಮನೆಯ ಹಿರಿಯರು, "ಸಣ್ಣ ಕೂಸು, ಬೇಗ ಉಣ್ಣಿಸಿದ್ರೆ ಬೇಗ ದಪ್ಪ ಆಗ್ತದೆ" ಅಂತಾರೆ. ಅವರ ಪ್ರೀತಿ ನಿಜ, ಲೆಕ್ಕ ಮಾತ್ರ ಸರಿಯಲ್ಲ.

37 ವಾರ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಊಟದ ತಿಂಗಳನ್ನು ಹುಟ್ಟಿದ ದಿನದಿಂದ ಎಣಿಸಬಾರದು. ಹೆರಿಗೆಗೆ ಡಾಕ್ಟರು ಕೊಟ್ಟಿದ್ದ ತಾರೀಕಿನಿಂದ ಎಣಿಸಬೇಕು. ಅದು ತಾಯಿ ಕಾರ್ಡಿನಲ್ಲಿರುತ್ತದೆ. ಜುಲೈ 10ಕ್ಕೆ ಹುಟ್ಟಬೇಕಿದ್ದ ಮಗು ಮೇ 10ಕ್ಕೇ ಹುಟ್ಟಿತು ಎನ್ನಿ. ನವೆಂಬರ್ 10ಕ್ಕೆ ಕ್ಯಾಲೆಂಡರಿನಲ್ಲಿ ಆರು ತಿಂಗಳು, ಆದರೆ ಬೆಳವಣಿಗೆಯಲ್ಲಿ ನಾಲ್ಕೇ. ಆರು ತುಂಬುವುದು ಜನವರಿ 10ಕ್ಕೆ. (ಲಸಿಕೆಗೆ ಈ ಲೆಕ್ಕ ಬೇಡ. ಅದು ಹುಟ್ಟಿದ ತಾರೀಕಿನಂತೆಯೇ.)

ಬೇಗ ಕೊಟ್ಟರೆ ಏನು ನಷ್ಟ? ದೆಹಲಿಯ ಮೂರು ಸರ್ಕಾರಿ ಆಸ್ಪತ್ರೆಗಳಲ್ಲಿ, 34 ವಾರಕ್ಕೂ ಮೊದಲೇ ಹುಟ್ಟಿದ 403 ಮಕ್ಕಳಲ್ಲಿ ಇದನ್ನು ಪರೀಕ್ಷಿಸಿದರು. ಮೇಲೆ ಹೇಳಿದ ಲೆಕ್ಕದಂತೆ ಕೆಲವರಿಗೆ ನಾಲ್ಕು ತಿಂಗಳಿಗೆ, ಉಳಿದವರಿಗೆ ಆರಕ್ಕೆ ಊಟ ಶುರುವಾಯಿತು. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ವರ್ಷ ತುಂಬಿದಾಗ ತೂಕದಲ್ಲಿ ವ್ಯತ್ಯಾಸವಿರಲಿಲ್ಲ. ಆದರೆ ನಾಲ್ಕಕ್ಕೇ ಶುರು ಮಾಡಿದವರಲ್ಲಿ ಭೇದಿ, ಶ್ವಾಸಕೋಶದ ಸೋಂಕು ಅಂತ ಆಸ್ಪತ್ರೆ ಸೇರಿದ್ದು ಹೆಚ್ಚು.

ಹಾಗಂತ ತೀರಾ ತಡವೂ ಬೇಡ. ಆರು ದಾಟಿದ ಮೇಲೆ ಎದೆಹಾಲೊಂದೇ ಸಾಲದು. ಕುತ್ತಿಗೆ ನಿಲ್ಲಬೇಕು, ಆಸರೆ ಕೊಟ್ಟರೆ ಕೂರಬೇಕು, ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಗೆ ನೂಕಬಾರದು. ಇವು ಕಾಣದಿದ್ದರೆ, ತೂಕ ಏರದಿದ್ದರೆ, ಸುಮ್ಮನೆ ಕಾಯದೆ ಮಗುವನ್ನು ಡಾಕ್ಟರಿಗೆ ತೋರಿಸಿ. ಅವರು ಬರೆದುಕೊಟ್ಟ ಕಬ್ಬಿಣಾಂಶದ ಡ್ರಾಪ್ಸನ್ನು ನೀವಾಗೇ ನಿಲ್ಲಿಸಬೇಡಿ.

ಕಾಲ ಮೇಲೆ ಮಲಗಿಸಿಕೊಂಡು ಒಳಲೆಯಲ್ಲಿ ಹುಯ್ಯುವುದನ್ನು ದಯವಿಟ್ಟು ಬಿಡಿ, ನೆತ್ತಿಗೇರುತ್ತದೆ. ಕೂರಿಸಿಕೊಂಡು ಚಮಚದಲ್ಲಿ ತಿನ್ನಿಸಿ. ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟಿನ ಸರಿ ಒಳ್ಳೆಯದು. ಚಮಚ ಓರೆ ಮಾಡಿದರೆ ಸುರಿಯದಷ್ಟು ಗಟ್ಟಿ ಇರಲಿ. ನೀರು ಗಂಜಿಯಲ್ಲಿ ಹೊಟ್ಟೆ ತುಂಬುತ್ತದೆ, ಶಕ್ತಿ ಬರುವುದಿಲ್ಲ. ಮೇಲೆ ಸ್ವಲ್ಪ ತುಪ್ಪ. ಮೊದಲು ಎರಡು ಮೂರು ಚಮಚ ಸಾಕು. ಆಮೇಲೆ ಬೇಳೆ, ಸೊಪ್ಪು, ಮೊಟ್ಟೆ ಒಂದೊಂದಾಗಿ ಸೇರಲಿ. ಜೇನು ವರ್ಷದ ತನಕ ಬೇಡ.

ಅರಿಸಿನ, ಈರುಳ್ಳಿ ಹೊಲಕ್ಕೆ ಕೂಲಿಗೆ ಹೋಗಬೇಕಲ್ಲ, ಅದಕ್ಕೇ ಬೇಗ ಊಟ ಅಂತ ಕೆಲವರು ಹೇಳುತ್ತಾರೆ. ಆ ಕಷ್ಟ ನಮಗೆ ಗೊತ್ತು. ಕೈ ತೊಳೆದು, ಕುದಿಸಿದ ಸ್ಟೀಲ್ ಬಟ್ಟಲಿಗೆ ಹಾಲು ಹಿಂಡಿ, ಮುಚ್ಚಿ ತಂಪಾದ ಕಡೆ ಇಟ್ಟರೆ ನಾಲ್ಕು ಗಂಟೆ ಕೆಡುವುದಿಲ್ಲ. ಅಜ್ಜಿ ಚಮಚದಲ್ಲಿ ಅದನ್ನೇ ಕುಡಿಸಬಹುದು.